ದ್ವಿತೀಯ ಸೆಮಿಸ್ಟರ್ ರಸಾಯನಶಾಸ್ತ್ರ ಮತ್ತು ಪ್ರಯೋಗಾಲಯ: ಬಿ.ಇ. ಪ್ರವೇಶಾರ್ಥಿಗಳಿಗೆ ಮಾಹಿತಿ (ಬೆಂಗಳೂರು ಉತ್ತರ ಭಾಗ)

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ಸ್ಥಾಪನೆ 1998) ವ್ಯಾಪ್ತಿಗೆ ಒಳಪಟ್ಟ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುವ ಪದ್ಧತಿ ಇದೆ. ವಿದ್ಯಾರ್ಥಿಗಳು ಇವನ್ನು ಪಿ-ಸೈಕಲ್, ಸಿ-ಸೈಕಲ್ ಎಂದು ಕರೆಯುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಭೌತಶಾಸ್ತ್ರ ವ್ಯಾಸಂಗ ಮಾಡಿದವರಿಗೆ ಎರಡನೆಯದರಲ್ಲಿ ರಸಾಯನಶಾಸ್ತ್ರ ಬರುತ್ತದೆ. ಉಳಿದವರಿಗೆ ಇದು ವ್ಯತಿರಿಕ್ತ. ಸಿಇಟಿ ಸೀಟು ಹಂಚಿಕೆಯಲ್ಲಿ ಕಾಲೇಜು ಮತ್ತು ಕೋರ್ಸ್ ಮಾತ್ರ ನಿಗದಿಯಾಗುತ್ತವೆ. ಸೈಕಲ್ ಯಾವುದೆಂಬುದು ಪ್ರವೇಶದ ನಂತರ ಕಾಲೇಜಿನಲ್ಲಿಯೇ ತಿಳಿಯುವುದರಿಂದ, ಇಚ್ಛೆ ನಮೂದಿಸುವಾಗ ಆ ಕುರಿತು ಕೋರಿಕೆ ಸಲ್ಲಿಸಲು ಅವಕಾಶವಿರುವುದಿಲ್ಲ.

ಹುಣಸಮಾರನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಸಂಸ್ಥೆ, ಯಲಹಂಕದ ಬಿ.ಎಂ.ಎಸ್. ತಾಂತ್ರಿಕ ಸಂಸ್ಥೆ, ಹೆಬ್ಬಾಳ ಆನಂದನಗರದ ಏಟ್ರಿಯಾ, ಮತ್ತಿಕೆರೆ ಸಮೀಪದ ಎಂ.ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆ ಮುಂತಾದವು ಈ ಭಾಗದಲ್ಲಿವೆ. ಸ್ವಾಯತ್ತ ಕಾಲೇಜುಗಳು ತಮ್ಮದೇ ಪಠ್ಯಕ್ರಮ ಹಾಗೂ ಪರೀಕ್ಷೆಗಳನ್ನು ಹೊಂದಿರುವುದರಿಂದ, ಅಲ್ಲಿನ ವಿದ್ಯಾರ್ಥಿಗಳು ಆಯಾ ಕಾಲೇಜಿನ ನಿಯಮಾವಳಿಯನ್ನು ನೋಡತಕ್ಕದ್ದು.

ಅಂಕಗಳ ವಿಚಾರ

2018ರ ಯೋಜನೆಯಲ್ಲಿ ರಸಾಯನಶಾಸ್ತ್ರದ ಲಿಖಿತ ವಿಷಯ ಮತ್ತು ಪ್ರಯೋಗಾಲಯ ಪ್ರತ್ಯೇಕ ವಿಷಯಗಳಾಗಿದ್ದು, ಪ್ರಯೋಗಾಲಯಕ್ಕೆ ಬೇರೆಯದೇ ಸೆಮಿಸ್ಟರ್ ಪರೀಕ್ಷೆ ಇತ್ತು. 2022ರ ಯೋಜನೆಯಲ್ಲಿ ಇವೆರಡನ್ನೂ ಒಂದುಗೂಡಿಸಲಾಯಿತು. ಆ ಪ್ರಕಾರ ನಿರಂತರ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 50 ಅಂಕಗಳು. ಉತ್ತೀರ್ಣರಾಗಲು ಕ್ರಮವಾಗಿ ಕನಿಷ್ಠ 20 ಮತ್ತು 18, ಒಟ್ಟಾರೆ 40 ಅಂಕಗಳು ಅಗತ್ಯ. ಪ್ರಯೋಗಾಲಯದ ಅಂಕಗಳು ಆಂತರಿಕ ಮೌಲ್ಯಮಾಪನದಲ್ಲಿ ಮಾತ್ರ ಸೇರುತ್ತವೆ.

ಪೋಷಕರು ಸಾಮಾನ್ಯವಾಗಿ ಗಮನಿಸದೆ ಬಿಡುವ ಅಂಶವಿದು. ಲಿಖಿತ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಮತ್ತೆ ಪರೀಕ್ಷೆ ಬರೆಯಬಹುದು. ಆಂತರಿಕ ಅಂಕಗಳಲ್ಲಿ ಕೊರತೆಯಾದವರು ಪರೀಕ್ಷೆಗೇ ಅರ್ಹರಾಗುವುದಿಲ್ಲ. ಆ ವಿಷಯಕ್ಕೆ ಪುನಃ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಹಾಜರಾತಿ ಶೇ. 85 ಇರತಕ್ಕದ್ದು. ಸಕಾರಣವಿದ್ದಲ್ಲಿ ಶೇ. 10ರವರೆಗಿನ ಕೊರತೆಯನ್ನು ಪ್ರಾಂಶುಪಾಲರ ಶಿಫಾರಸಿನ ಮೇರೆಗೆ ಮನ್ನಾ ಮಾಡಬಹುದಾದರೂ ಅದು ಹಕ್ಕಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಅಥವಾ ಹೆಬ್ಬಾಳ ಮೇಲ್ಸೇತುವೆ ದಾಟಿ ಬರುವವರು ತಮ್ಮ ತಂಡದ ಪ್ರಯೋಗಾಲಯ ಬೆಳಗಿನ ಅವಧಿಯಲ್ಲಿದ್ದರೆ ಸಂಚಾರ ದಟ್ಟಣೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಪ್ರಯೋಗಗಳು

ಆಸ್ಟ್‌ವಾಲ್ಡ್ ಮಾಪಕದಿಂದ ದ್ರವದ ಸ್ನಿಗ್ಧತೆ, ಕಲರಿಮೀಟರಿನಿಂದ ತಾಮ್ರದ ಪ್ರಮಾಣ, ಪೊಟೆನ್ಷಿಯೋಮೀಟರ್ ಬಳಸಿ ಕಬ್ಬಿಣದ ಅಂದಾಜು ಇವು ವಾಡಿಕೆಯ ಪ್ರಯೋಗಗಳು. ಎಲ್ಲಕ್ಕಿಂತ ಮನೆಗೆ ಹತ್ತಿರವಾದದ್ದು ನೀರಿನ ಗಡಸುತನದ ಅಳತೆ. ಕೊಳವೆಬಾವಿ ನೀರನ್ನು ಬಳಸುವ ಮನೆಗಳಲ್ಲಿ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರಕ್ಕೆ ಇದೇ ಗಡಸುತನ ಕಾರಣ.

ಪಿಪೆಟ್‌ನಿಂದ 25 ಮಿ.ಲೀ. ನೀರನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಅಮೋನಿಯಾ ಬಫರ್ ಸೇರಿಸಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್-ಟಿ ಸೂಚಕ ಬೆರೆಸಲಾಗುತ್ತದೆ. ಬ್ಯುರೆಟ್‌ನಿಂದ ಇಡಿಟಿಎ ದ್ರಾವಣ ಬಿಡುತ್ತ ಹೋದಂತೆ ದ್ರಾಕ್ಷಾರಸದಂತಹ ಕೆಂಪು ಬಣ್ಣ ನೀಲಿಗೆ ತಿರುಗುತ್ತದೆ. 0.01 ಮೋಲಾರ್ ಇಡಿಟಿಎಯ 1 ಮಿ.ಲೀ. 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 10 ಮಿ.ಲೀ. ಖರ್ಚಾದರೆ ಗಡಸುತನ ಲೀಟರಿಗೆ 400 ಮಿ.ಗ್ರಾಂ. ಕುಡಿಯುವ ನೀರಿಗೆ ಐಎಸ್ 10500:2012 ಮಾನಕದಲ್ಲಿ ಅಪೇಕ್ಷಿತ ಮಿತಿ 200. ಬೇರೆ ಮೂಲವಿಲ್ಲದಿದ್ದಲ್ಲಿ 600. ಅರ್ಧ ಮಿ.ಲೀ. ಹೆಚ್ಚು ಬಿಟ್ಟರೆ ಉತ್ತರದಲ್ಲಿ 20 ಮಿ.ಗ್ರಾಂ ವ್ಯತ್ಯಾಸ ಬರುವುದರಿಂದ ಕೊನೆಯ ಹನಿಗಳಲ್ಲಿ ಅವಸರ ಸಲ್ಲದು.

ಡೈಕ್ರೋಮೇಟ್ ವಿಷಕಾರಿಯಾಗಿದ್ದು ಅದನ್ನು ಬಾಯಿಂದ ಪಿಪೆಟ್‌ಗೆ ಎಳೆಯಕೂಡದು. ರಬ್ಬರ್ ಬಲ್ಬ್ ಬಳಸತಕ್ಕದ್ದು. ಓದುಗಳನ್ನು ಅಂದೇ ಆಬ್ಸರ್ವೇಷನ್ ಪುಸ್ತಕದಲ್ಲಿ ಬರೆದು ಅಧ್ಯಾಪಕರ ಸಹಿ ಪಡೆಯಬೇಕು. ರೆಕಾರ್ಡ್ ಪುಸ್ತಕವನ್ನು ಸೆಮಿಸ್ಟರಿನ ಕೊನೆಯ ವಾರದಲ್ಲಿ ಒಟ್ಟಿಗೆ ಬರೆಯುವ ರೂಢಿಯಿಂದ ಅಂಕಗಳು ಕಡಿಮೆಯಾಗುತ್ತವೆ. ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಅನುಮಾಪನಕ್ಕೆ ಟೈಟ್ರೇಷನ್, ಪ್ರತ್ಯಾಮ್ಲಕ್ಕೆ ಬೇಸ್, ಸೂಚಕಕ್ಕೆ ಇಂಡಿಕೇಟರ್ ಎಂಬ ಪದಗಳು ಬಳಕೆಯಲ್ಲಿವೆಯೆಂದು ತಿಳಿದಿದ್ದರೆ ಮೊದಲ ವಾರದ ಗೊಂದಲ ತಪ್ಪುತ್ತದೆ.

ಅನಾರೋಗ್ಯದಿಂದ ಪ್ರಯೋಗ ತಪ್ಪಿದಲ್ಲಿ ವಿದ್ಯಾರ್ಥಿಯು ಅದೇ ವಾರ ಉಸ್ತುವಾರಿ ಅಧ್ಯಾಪಕರಿಗೆ ಲಿಖಿತವಾಗಿ ತಿಳಿಸಿ, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮರು ಅವಕಾಶ ಕೋರುವುದು. ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮಿಸ್ಟರಿಗೆ ಪ್ರವೇಶ ಪಡೆಯುವವರಿಗೆ ಮೊದಲ ವರ್ಷದ ಈ ವಿಷಯ ಅನ್ವಯಿಸುವುದಿಲ್ಲ.