ಭಟಿತ್ರ, ಧೂಪ ಮತ್ತು ಟರ್ಕಿಕೋಳಿ

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುವ ಬಾಲಕನು ವೈಶ್ಯವರ್ಗಕ್ಕೆ ಬಂದಾಗ ಶೂಲ್ಯ, ಭಟಿತ್ರ ಎಂಬೆರಡು ಶಬ್ದಗಳನ್ನು ಉಚ್ಚರಿಸಿ ಮುಂದೆ ಸಾಗುವನು. ಅರ್ಥವನ್ನು ಅವನು ಕೇಳುವದಿಲ್ಲ, ಗುರುಗಳೂ ಹೇಳುವದಿಲ್ಲ. ಶೂಲಕ್ಕೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸವೆಂದು ಬಿಡಿಸಿ ಹೇಳಿದರೆ ಮಡಿಯ ಸ್ಥಳದಲ್ಲಿ ಮೈಲಿಗೆಯ ಮಾತಾಯಿತು! ಹೀಗೆ ಅರ್ಥವನ್ನು ಬಿಟ್ಟು ಶಬ್ದವನ್ನಷ್ಟೇ ಕಾಪಾಡಿಕೊಂಡು ಬಂದುದರಿಂದ ಕನ್ನಡನಾಡಿನ ಪಾಕಚರಿತ್ರೆಯ ಒಂದು ದೊಡ್ಡ ಭಾಗವು ವಿದ್ವಾಂಸರ ಕೈತಪ್ಪಿ ಹೋಗಿರುವದು.

ಅದರ ಫಲವನ್ನು ಈಗ ಕಾಣಬಹುದು. ಬೈಲಹೊಂಗಲ, ರಾಮದುರ್ಗಗಳಂಥ ಊರುಗಳಿಂದ ಅಮೇರಿಕೆಗೆ ಹೋಗಿ ನೆಲಸಿದ ಮಕ್ಕಳು ನವೆಂಬರ ತಿಂಗಳ ನಾಲ್ಕನೆಯ ಗುರುವಾರದ ಹಬ್ಬವನ್ನು ವರ್ಣಿಸುವಾಗ, ಟರ್ಕಿಕೋಳಿಗೆ ಉಪ್ಪು-ಮಸಾಲೆಗಳನ್ನು ಸವರಿ ಕಟ್ಟಿಗೆಯ ಹೊಗೆಯಲ್ಲಿ ದಿನವಿಡೀ ಬೇಯಿಸುವ ಸಂಗತಿಯನ್ನು ತಿಳಿಸಿದರೆ, ಮನೆಯ ಹಿರಿಯರು ಇದೆಲ್ಲ ಪರದೇಶದ ವಿದ್ಯೆಯೆಂದು ಬೆರಗಾಗುವರು. ಹಕ್ಕಿಯು ಪರದೇಶದ್ದೆಂಬುದು ನಿಜ. ವಿದ್ಯೆಯ ವಿಷಯದಲ್ಲಿ ಹಾಗೆ ಹೇಳಬರುವದಿಲ್ಲ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಶಕ 1051, ಎಂದರೆ ಇಸವಿ ಸನ 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳ, ನೂರು ಅಧ್ಯಾಯಗಳ ಈ ಗ್ರಂಥವು ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1925ರಿಂದ ಮೊದಲುಗೊಂಡು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರ ಮೂರನೆಯ ವಿಂಶತಿಯಲ್ಲಿ ಅನ್ನಭೋಗವೆಂಬ ಪ್ರಕರಣವಿದೆ. ಇಡ್ಡಲಿ, ವಡೆ, ಹೂರಣದ ಭಕ್ಷ್ಯಗಳ ಪ್ರಾಚೀನತೆಯನ್ನು ಸಿದ್ಧಮಾಡಲು ಈ ಪ್ರಕರಣವನ್ನು ಎಲ್ಲರೂ ಎತ್ತಿ ಹೇಳುವರು. ಅದೇ ಪ್ರಕರಣದೊಳಗಿನ ಮಾಂಸಪಾಕದ ಶ್ಲೋಕಗಳಿಗೆ ಬಂದಾಗ ಅಮರಕೋಶದ ಬಾಲಕನಂತೆ ಎಲ್ಲರೂ ಮುಂದೆ ಸಾಗುವರು.

ಅಲ್ಲಿ ನಿಂತು ನೋಡಿದರೆ ರಾಜನು ಎಷ್ಟು ಜಾಗರೂಕತೆಯಿಂದ ಬರೆದಿರುವನೆಂಬುದು ತಿಳಿಯುವದು. ಹಂದಿಯ ಕೂದಲನ್ನು ತೆಗೆಯುವದಕ್ಕೆ ಎರಡು ಉಪಾಯಗಳು: ಬಿಳಿಯ ಅರಿವೆ ಸುತ್ತಿ ಕುದಿಯುವ ನೀರನ್ನು ಸುರಿಯುವದು ಒಂದು, ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವದು ಇನ್ನೊಂದು. ಸುಟ್ಟ ಮಾಂಸವನ್ನು ತಾಳೆಗರಿಯಂತೆ ತೆಳ್ಳಗೆ ಸೀಳಿ ಸಂಬಾರ ಬೆರೆಸಿದ ಮೊಸರಿನಲ್ಲಿ ಹಾಕುವ ಕ್ರಮವಿದೆ. ಭಡಿತ್ರಕವೆಂಬ ಶೂಲದ ಪಾಕವೂ ಅಲ್ಲಿದೆ. ಇದು ಅಮರಕೋಶದ ಭಟಿತ್ರವೇ ಎಂಬುದರಲ್ಲಿ ಸಂಶಯವಿಲ್ಲ. ಹಸಿಶುಂಠಿ, ಮೆಣಸು, ಸೈಂಧವ ಲವಣ, ಹುಳಿರಸ, ಹಿಂಗಿನ ನೀರು ಇವೇ ಮುಖ್ಯ ಸಂಬಾರಗಳು. ಪದಾರ್ಥವು ಸಿದ್ಧವಾದ ಮೇಲೆ ಹಿಂಗಿನ ಹೊಗೆಯಿಂದ ಧೂಪವಾಸನೆ ಕೊಡುವ ರೀತಿಯೂ ಆ ಅರಮನೆಗೆ ತಿಳಿದಿತ್ತು. ಉಪ್ಪು ಹುಳಿಗಳಲ್ಲಿ ನೆನೆಸುವದು, ಕೆಂಡದ ಮೇಲೆ ಸುಡುವದು, ಹೊಗೆಯಿಂದ ಪರಿಮಳ ಕೊಡುವದು, ಈ ಮೂರರ ಹೊರತು ಅಮೇರಿಕೆಯ ಹಿತ್ತಿಲಲ್ಲಿ ಇನ್ನೇನು ನಡೆಯುವದು?

ಆದರೂ ಒಂದು ಭೇದವನ್ನು ಮರೆಯಬಾರದು. ಸೋಮೇಶ್ವರನ ಧೂಪವು ವಾಸನೆಗಾಗಿ ಮಾತ್ರ, ಕ್ಷಣಕಾಲದ್ದು. ಪಶ್ಚಿಮದವರ ಹೊಗೆಯು ಮೊದಲು ಮಾಂಸವು ಕೆಡದಂತೆ ಉಳಿಯಲೆಂದು ಹುಟ್ಟಿ, ಆಮೇಲೆ ರುಚಿಗಾಗಿ ಉಳಿದುಕೊಂಡಿತು. ಟರ್ಕಿಯ ಎದೆಯ ಮಾಂಸದಲ್ಲಿ ಕೊಬ್ಬು ಬಲು ಕಡಿಮೆ, ಬೇಗನೆ ಒಣಗುವದು. ಆದುದರಿಂದ ಹಿಂದಿನ ದಿನವೇ ಉಪ್ಪನ್ನು ಸವರಿ, ಇಲ್ಲವೆ ಉಪ್ಪುನೀರಿನಲ್ಲಿ ಮುಳುಗಿಸಿ ಇಡುವರು. ಉಪ್ಪು ಒಳಗಿಳಿದು ಮಾಂಸವು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುವದು. ಉಳಿದ ಮಸಾಲೆಗಳು ಹೆಚ್ಚಾಗಿ ಮೇಲ್ಮೈಯಲ್ಲಿಯೇ ನಿಲ್ಲುವವು. ಬಳಿಕ ಗಟ್ಟಿ ಕಟ್ಟಿಗೆಯ ಸಣ್ಣ ಉರಿಯಲ್ಲಿ, ಸುಮಾರು 110ರಿಂದ 135 ಅಂಶ ಸೆಂಟಿಗ್ರೇಡ ಶಾಖದಲ್ಲಿ, ಹಲವು ತಾಸು ಹೊಗೆಗೆ ಒಡ್ಡುವರು. ಒಳಗಿನ ಶಾಖವು 74 ಅಂಶಕ್ಕೆ ಮುಟ್ಟದ ಹೊರತು ಉಣ್ಣಲಿಕ್ಕೆ ಕೊಡುವದಿಲ್ಲ. ಕನ್ನಡನಾಡಿನಲ್ಲಿ ಇಂಥ ದೀರ್ಘವಾದ ಹೊಗೆಯನ್ನು ನೋಡಬೇಕಾದರೆ ಕೊಡಗಿನ ಕಡೆಗೆ ಹೋಗಬೇಕು. ಮಳೆಗಾಲ ದೀರ್ಘವಾದ ಅಲ್ಲಿ ಮಾಂಸವನ್ನು ಒಲೆಯ ಮೇಲೆ ತೂಗಹಾಕಿ ಒಣಗಿಸುವ ರೂಢಿಯಿದೆ. ಮಲಪ್ರಭೆಯ ದಂಡೆಯ ಬಯಲುಸೀಮೆಗೆ ಬಿಸಿಲೇ ಸಾಕು.

ಸೋಮೇಶ್ವರನು ಕಲ್ಯಾಣದಲ್ಲಿ ಆಳುತ್ತಿದ್ದಾಗ ಸವದತ್ತಿಯು ಅವನ ಸಾಮಂತರಾದ ರಟ್ಟರ ರಾಜಧಾನಿಯಾಗಿತ್ತು. ಕೂಂಡಿ ಮೂರುಸಾವಿರ ಅವರ ನಾಡು. ಶಾಸನಗಳಲ್ಲಿ ಊರ ಹೆಸರು ಸುಗಂಧವರ್ತಿ. ಸಂಬಾರದ ಚರಿತ್ರೆಯಲ್ಲಿ ಇಂಥ ಹೆಸರಿನ ಊರು ಎದುರಾಗುವದು ಸೊಗಸೇ ಸರಿ. ಆದರೆ ಈ ರಟ್ಟರು ಜಿನಭಕ್ತರು. ಅವರ ಶಾಂತಿವರ್ಮನು 980ರಲ್ಲಿ ಸವದತ್ತಿಯಲ್ಲಿ ಬಸದಿಯನ್ನು ಕಟ್ಟಿಸಿದನು. ಚಕ್ರವರ್ತಿಯ ಅಡಿಗೆಮನೆಯಲ್ಲಿ ಭಡಿತ್ರಕ, ಸಾಮಂತರ ಊರಿನಲ್ಲಿ ಅಹಿಂಸೆ! ಮುಂದೆ ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವನ್ನು ರಚಿಸಿದಾಗ ಶಾಕಪಾಕವನ್ನೇ ಹೇಳಿದನು. ಅವನ ಧರ್ಮಕ್ಕೆ ಅದೇ ತಕ್ಕದ್ದು. ಹೀಗಾಗಿ ಶಾಕಪಾಕವು ಕನ್ನಡದ ಪದ್ಯಕ್ಕೆ ಬಂದಿತು. ರಾಜನು ಬರೆದ ಮಾಂಸಪಾಕವು ಸಂಸ್ಕೃತದಲ್ಲಿಯೇ ನಿಂತಿತು. ಅದನ್ನು ನಿತ್ಯವೂ ಮಾಡುತ್ತಿದ್ದ ಕೈಗಳು ಓದಬಾರದ ಕೈಗಳು. ಓದಬಲ್ಲ ಕಣ್ಣುಗಳು ಅದನ್ನು ನೋಡಲೊಲ್ಲದ ಕಣ್ಣುಗಳು. ಇದರಲ್ಲಿ ಯಾರ ಆಚಾರವನ್ನೂ ಹಳಿಯಬೇಕಾದುದಿಲ್ಲ. ಉಣ್ಣದೆ ಇರುವದು ಬೇರೆ, ಓದದೆ ಇರುವದು ಬೇರೆ.

ಇನ್ನು ಹಕ್ಕಿಯ ಮಾತು. ಟರ್ಕಿಕೋಳಿಯ ತವರು ಮೆಕ್ಸಿಕೊ ದೇಶ. ಸ್ಪೇನದವರು ಹದಿನಾರನೆಯ ಶತಮಾನದ ಆರಂಭದಲ್ಲಿ ಅದನ್ನು ಯುರೋಪಕ್ಕೆ ಒಯ್ದರು. ಇಂಗ್ಲಿಷರು ಅದನ್ನು ತುರ್ಕಸ್ಥಾನದ್ದೆಂದು ಕರೆದರೆ ತುರ್ಕರು ಹಿಂದುಸ್ಥಾನದ್ದೆಂದು ಕರೆದರು. ಪೋರ್ತುಗೀಜರು ಪೆರು ದೇಶದ ಹೆಸರನ್ನೇ ಇಟ್ಟರು. ಒಬ್ಬರ ಹೆಸರೂ ನಿಜವಲ್ಲ. 1612ರಲ್ಲಿ ಮುಕರ್ರಬಖಾನನು ಗೋವೆಯಿಂದ ಈ ಹಕ್ಕಿಯನ್ನು ಜಹಾಂಗೀರ ಬಾದಶಹನಿಗೆ ತಂದೊಪ್ಪಿಸಿದನು. ಬಾದಶಹನು ಇದು ಹೆಣ್ಣುನವಿಲಿಗಿಂತ ದೊಡ್ಡದು, ಗಂಡುನವಿಲಿಗಿಂತ ಚಿಕ್ಕದು, ಕುತ್ತಿಗೆಯ ಬಣ್ಣವು ಓತಿಯಂತೆ ಬದಲಾಗುವದು ಎಂದು ಆತ್ಮಚರಿತ್ರೆಯಲ್ಲಿ ಬರೆದಿಟ್ಟು ಚಿತ್ರವನ್ನೂ ಬರೆಯಿಸಿದನು. ಮನ್ಸೂರನು ಬರೆದ ಚಿತ್ರವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ ಸಂಗ್ರಹಾಲಯದಲ್ಲಿದೆ. ಗರಿಬಿಚ್ಚುವ ಹಕ್ಕಿಯನ್ನು ನೋಡಲು ನವಿಲುತೀರ್ಥದ ನಾಡಿನವರು ಆಗ್ರಾಕ್ಕೆ ಹೋಗಬೇಕಾಗಿರಲಿಲ್ಲವೆನ್ನಿರಿ!

ಸೋಜಿಗದ ಸಂಗತಿಯೆಂದರೆ ಇದೇ ಪೋರ್ತುಗೀಜರ ಕೈಯಿಂದ, ಅದೇ ಅಮೇರಿಕೆಯಿಂದ ಮೆಣಸಿನಕಾಯಿಯೂ ಬಂದಿತು. ಸೋಮೇಶ್ವರನಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಅವನ ಖಾರವೆಲ್ಲ ಮೆಣಸು ಶುಂಠಿಗಳದು. ಗೋವೆಯು ಕಿತ್ತೂರ ಸೀಮೆಗೆ ಘಟ್ಟ ಇಳಿದರೆ ಸಿಗುವಷ್ಟು ಹತ್ತಿರ. ಆದರೆ ಮನೆಮನೆಗೆ ಹತ್ತಿ ಬಂದುದು ಕಾಯಿಯೇ ಹೊರತು ಹಕ್ಕಿಯಲ್ಲ. ಬೀಜವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರಬಹುದು. ಎರೆಯ ಹೊಲದಲ್ಲಿ ಒಂದೇ ಹಂಗಾಮಿನಲ್ಲಿ ಕೆಂಪಾಗುವದು. ಜೋಳದ ರೊಟ್ಟಿಗೆ ರಂಜಕವಾಗುವದು. ಮಡಿಯವರಿಗೂ ಅದು ಬೇಕು, ಅಲ್ಲದವರಿಗೂ ಬೇಕು. ಐದಾರು ಸೇರು ತೂಗುವ ಹಕ್ಕಿಯನ್ನು ಸಾಕಿ ಕಡಿಯುವ ಅವಶ್ಯಕತೆ ಊರ ಕೋಳಿಯಿರುವ ಮನೆಗೆ ಬರಲಿಲ್ಲ. ಮೂಲದ ಮೆಣಸು ಹಿಂದೆ ಸರಿದು ಕರಿಮೆಣಸೆನಿಸಿಕೊಂಡಿತು. ಅತಿಥಿಯು ಯಜಮಾನನ ಹೆಸರನ್ನೇ ಕಸಿದುಕೊಂಡನು.

ಆಚೆಯ ದೇಶದಲ್ಲಿ ಮಾಂಸ ಉಣ್ಣುವ ಕನ್ನಡದ ಮನೆಯವರು ಆ ಗುರುವಾರದ ಹಕ್ಕಿಗೆ ಬ್ಯಾಡಗಿಯ ಮೆಣಸಿನಕಾಯಿಯ ಪುಡಿಯನ್ನು ಶುಂಠಿ, ಮೊಸರುಗಳೊಡನೆ ಅರೆದು ಸವರುವದಾದರೆ, ಗೋವೆಯ ಹಡಗಿನಲ್ಲಿ ಬಂದ ಕಾಯಿಯು ನಾಲ್ಕುನೂರು ವರ್ಷಗಳ ಮೇಲೆ ತನ್ನ ತವರಿನ ಹಕ್ಕಿಯನ್ನು ತವರಿನ ಖಂಡದಲ್ಲಿಯೇ ಕೂಡಿಕೊಂಡಂತಾಗುವದು. ಶುಂಠಿ ಮೊಸರುಗಳು ಮಾತ್ರ ಸೋಮೇಶ್ವರನ ಕಾಲದವೇ.