ದ್ರಾಕ್ಷಿ ತೋಟದಿಂದ ಗ್ರಂಥಾಲಯದವರೆಗೆ: ಅಮೆರಿಕದಲ್ಲಿ ಹಿಸ್ಪಾನಿಕ್ ಕಲೆ, ಸಾಹಿತ್ಯ

ಪ್ರತಿವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ರಾಷ್ಟ್ರೀಯ ಹಿಸ್ಪಾನಿಕ್ ಪರಂಪರೆ ಮಾಸ’ವನ್ನು ಆಚರಿಸಲಾಗುತ್ತದೆ. ಶಾಲೆ, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳಲ್ಲಿ ಕವಿಗೋಷ್ಠಿ, ನಾಟಕ, ಸಂಗೀತ, ಚಿತ್ರಕಲಾ ಪ್ರದರ್ಶನಗಳು ಏರ್ಪಡುತ್ತವೆ. ಇದು ಸರ್ಕಾರಿ ಮಾನ್ಯತೆಯ ಉತ್ಸವ. ಆದರೆ ಇದರ ಹಿಂದಿರುವ ಕಲೆ ಮತ್ತು ಸಾಹಿತ್ಯದ ಚಟುವಟಿಕೆಗಳು ಹುಟ್ಟಿದ್ದು ದ್ರಾಕ್ಷಿ ತೋಟಗಳ ಅಂಚಿನಲ್ಲಿ, ಬಾಡಿಗೆ ಮನೆಗಳಲ್ಲಿ, ಬಡಾವಣೆಯ ಗ್ರಂಥಾಲಯಗಳಲ್ಲಿ.

ತಿಂಗಳ ನಡುವೆ ಆರಂಭ ಏಕೆ?

ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಆಡಳಿತಾವಧಿಯಲ್ಲಿ, 1968ರಲ್ಲಿ, ಇದು ಒಂದು ವಾರದ ಆಚರಣೆಯಾಗಿ ಜಾರಿಗೆ ಬಂದಿತು. 1988ರಲ್ಲಿ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನು ಅದನ್ನು ಒಂದು ತಿಂಗಳಿಗೆ ವಿಸ್ತರಿಸಿತು. ಕೋಸ್ಟರಿಕ, ಎಲ್ ಸಾಲ್ವಡೋರ್, ಗ್ವಾಟೆಮಾಲ, ಹೊಂಡುರಾಸ್ ಮತ್ತು ನಿಕರಾಗುವ ದೇಶಗಳ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 15. ಮೆಕ್ಸಿಕೊದ್ದು ಮರುದಿನ, ಚಿಲಿಯದು ಸೆಪ್ಟೆಂಬರ್ 18. ಹೀಗಾಗಿ ಆಚರಣೆ ತಿಂಗಳ ಮಧ್ಯದಲ್ಲಿ ಆರಂಭವಾಗುತ್ತದೆ.

ಸ್ಪ್ಯಾನಿಷ್ ಭಾಷೆಯ ಹಿನ್ನೆಲೆಯವರನ್ನು ‘ಹಿಸ್ಪಾನಿಕ್’ ಎಂದೂ, ಲ್ಯಾಟಿನ್ ಅಮೆರಿಕ ಮೂಲದವರನ್ನು ‘ಲ್ಯಾಟಿನೊ’ ಎಂದೂ ಕರೆಯುವುದು ರೂಢಿ. ಪೋರ್ಚುಗೀಸ್ ಮಾತನಾಡುವ ಬ್ರೆಜಿಲ್ ಮೂಲದವರು ಎರಡನೆಯ ಪದದ ವ್ಯಾಪ್ತಿಗೆ ಬರುತ್ತಾರಾದರೂ ಸಾಮಾನ್ಯವಾಗಿ ಮೊದಲನೆಯದಕ್ಕೆ ಬರುವುದಿಲ್ಲ. 2020ರ ಜನಗಣತಿಯಂತೆ ಈ ಸಮುದಾಯದ ಸಂಖ್ಯೆ 6 ಕೋಟಿ 21 ಲಕ್ಷ. ಅಂದರೆ ದೇಶದ ಜನಸಂಖ್ಯೆಯ ಶೇ 18.7.

ಮುಷ್ಕರದ ನಡುವೆ ರಂಗಭೂಮಿ

1965ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಡೆಲಾನೊ ಪ್ರದೇಶದಲ್ಲಿ ದ್ರಾಕ್ಷಿ ತೋಟದ ಕೂಲಿಕಾರರು ಮುಷ್ಕರ ಹೂಡಿದರು. ಮೊದಲು ಕೆಲಸ ನಿಲ್ಲಿಸಿದವರು ಫಿಲಿಪಿನೊ ಮೂಲದ ಕಾರ್ಮಿಕರು. ಕೆಲವೇ ದಿನಗಳಲ್ಲಿ ಸೀಸರ್ ಚಾವೆಸ್ ನೇತೃತ್ವದ ಸಂಘ ಅವರೊಂದಿಗೆ ಕೈಜೋಡಿಸಿತು. ಅದೇ ವರ್ಷ ಲೂಯಿಸ್ ವಾಲ್ಡೆಸ್ ಅಲ್ಲಿ ‘ಎಲ್ ತೆಯಾತ್ರೊ ಕಾಂಪೆಸಿನೊ’, ಅಂದರೆ ‘ಕೃಷಿಕಾರ್ಮಿಕರ ರಂಗಭೂಮಿ’ಯನ್ನು ಕಟ್ಟಿದರು. ವಾಲ್ಡೆಸ್ ಸ್ವತಃ ವಲಸೆ ಕೂಲಿಕಾರರ ಮಗ.

ತಂಡದ ಬಳಿ ರಂಗಮಂದಿರವಿರಲಿಲ್ಲ. ತೆರೆದ ಲಾರಿಯ ಹಿಂಭಾಗವೇ ವೇದಿಕೆಯಾಯಿತು. ಮುಷ್ಕರನಿರತ ಕಾರ್ಮಿಕರೇ ನಟರಾದರು. ಪಾತ್ರ ಯಾವುದೆಂದು ತಿಳಿಸುವ ಫಲಕವನ್ನು ಕೊರಳಿಗೆ ನೇತುಹಾಕಿಕೊಂಡು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬೆರೆಸಿ, ತೋಟದ ಧಣಿಯನ್ನೂ ಮುಷ್ಕರ ಮುರಿಯುವವರನ್ನೂ ಲೇವಡಿ ಮಾಡುವ ಕಿರುಪ್ರಹಸನಗಳನ್ನು ಅವರು ಆಡಿದರು. ನಾಟಕ ನೋಡಿದವರು ಕೆಲಸ ಬಿಟ್ಟು ಸಂಘಕ್ಕೆ ಸೇರಬೇಕೆಂಬುದೇ ಪ್ರದರ್ಶನದ ಉದ್ದೇಶ. 1970ರಲ್ಲಿ ದ್ರಾಕ್ಷಿ ಬೆಳೆಗಾರರು ಸಂಘದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು.

ಮುಂದೆ ತಂಡ ಸ್ಯಾನ್ ವಾನ್ ಬೌಟಿಸ್ಟ ಎಂಬ ಸಣ್ಣ ಊರಿನಲ್ಲಿ ನೆಲೆಯೂರಿತು. ವಾಲ್ಡೆಸ್ ಅವರ ‘ಝೂಟ್ ಸೂಟ್’ 1979ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಪ್ರದರ್ಶನಗೊಂಡಿತು. ಮೆಕ್ಸಿಕೊ ಮೂಲದ ಅಮೆರಿಕನ್ ಲೇಖಕನ ನಾಟಕವೊಂದು ಆ ರಂಗವನ್ನೇರಿದ್ದು ಅದೇ ಮೊದಲು.

ಮನೆಯ ಹಜಾರದಿಂದ ಕವಿಗಳ ಕೆಫೆ

ನ್ಯೂಯಾರ್ಕಿನಲ್ಲಿ ಈ ಚಟುವಟಿಕೆಗೆ ಚಾಲನೆ ನೀಡಿದವರು ಪೋರ್ಟೊರಿಕೊ ಮೂಲದವರು. 1917ರಿಂದಲೇ ಅಮೆರಿಕದ ಪೌರತ್ವ ಪಡೆದಿದ್ದರೂ ಅವರ ಬರವಣಿಗೆಗೆ ಮುಖ್ಯವಾಹಿನಿಯ ಪತ್ರಿಕೆ, ಪ್ರಕಾಶನಗಳಲ್ಲಿ ಜಾಗವಿರಲಿಲ್ಲ. ‘ನ್ಯೂಯೋರಿಕನ್’ ಎಂಬುದು ನ್ಯೂಯಾರ್ಕಿನಲ್ಲಿ ಬೆಳೆದವರನ್ನು ದ್ವೀಪವಾಸಿಗಳು ಹಳಿಯಲು ಬಳಸುತ್ತಿದ್ದ ಪದ. ಕವಿಗಳು ಆ ಪದವನ್ನೇ ತಮ್ಮ ಹೆಸರಾಗಿಸಿಕೊಂಡರು.

ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಮಿಗೆಲ್ ಅಲ್ಗರೀನ್ 1973ರಲ್ಲಿ ಮ್ಯಾನ್‌ಹಟನ್‌ನ ತಮ್ಮ ಮನೆಯಲ್ಲೇ ಕವಿತಾವಾಚನ ಆರಂಭಿಸಿದರು. ಸೆರೆಮನೆಯ ಅನುಭವವನ್ನು ನಾಟಕವಾಗಿಸಿ ಹೆಸರಾದ ಮಿಗೆಲ್ ಪಿನ್ಯೇರೊ ಮತ್ತು ಕವಿ ಪೆಡ್ರೊ ಪಿಯೆತ್ರಿ ಜೊತೆಗೂಡಿದರು. ಮನೆ ಸಾಲದಾದಾಗ 1975ರಲ್ಲಿ ಪಾನಗೃಹವೊಂದನ್ನು ಬಾಡಿಗೆಗೆ ಹಿಡಿಯಲಾಯಿತು. ನಂತರ ಸಂಸ್ಥೆ ಈಸ್ಟ್ 3ನೇ ಬೀದಿಯಲ್ಲಿ ಸ್ವಂತ ಕಟ್ಟಡ ಹೊಂದಿತು. ಇದೇ ‘ನ್ಯೂಯೋರಿಕನ್ ಪೊಯೆಟ್ಸ್ ಕೆಫೆ’.

1980ರ ದಶಕದಲ್ಲಿ ಕೆಲವು ವರ್ಷ ಕೆಫೆಯ ಬಾಗಿಲು ಮುಚ್ಚಿತ್ತು. ಪಿನ್ಯೇರೊ 1988ರಲ್ಲಿ ತೀರಿಕೊಂಡ ಬಳಿಕ, ಕವಿ ಬಾಬ್ ಹೋಲ್ಮನ್ ಅವರೊಂದಿಗೆ ಸೇರಿ ಅಲ್ಗರೀನ್ ಅದನ್ನು ಮತ್ತೆ ತೆರೆದರು. ಷಿಕಾಗೊದಲ್ಲಿ ಹುಟ್ಟಿದ ‘ಸ್ಲ್ಯಾಮ್’ ಕವಿತಾ ಸ್ಪರ್ಧೆಗೆ ಇಲ್ಲಿ ಹೊಸ ಜನಪ್ರಿಯತೆ ಲಭಿಸಿತು. ಸಭಿಕರಲ್ಲೇ ಕೆಲವರು ತೀರ್ಪುಗಾರರಾಗಿ ಕವಿತೆಗೆ ಹತ್ತರೊಳಗೆ ಅಂಕ ಕೊಡುವುದು ಇದರ ಕ್ರಮ. ಅಲ್ಗರೀನ್ 2020ರಲ್ಲಿ ನಿಧನರಾದರು.

ಗ್ರಂಥಪಾಲಕಿಯ ಕಥೆಗಳು

ಇವೆಲ್ಲಕ್ಕೂ ಹಿಂದಿನದು ಪುರಾ ಬೆಲ್ಪ್ರೆ ಅವರ ಕೆಲಸ. 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಸೇರಿದ ಆಕೆ ಅಲ್ಲಿನ ಮೊದಲ ಪೋರ್ಟೊರಿಕನ್ ಗ್ರಂಥಪಾಲಕಿ. ಬಾಲ್ಯದಲ್ಲಿ ಕೇಳಿದ ಕಥೆಗಳು ಗ್ರಂಥಾಲಯದ ಕಪಾಟುಗಳಲ್ಲಿ ಎಲ್ಲಿಯೂ ಕಾಣದಿದ್ದಾಗ, ಬೆಲ್ಪ್ರೆ ತಾವೇ ಅವನ್ನು ಹೇಳತೊಡಗಿದರು. ಎರಡೂ ಭಾಷೆಗಳಲ್ಲಿ ಕಥಾವಾಚನ, ಗೊಂಬೆಯಾಟ, ಜನವರಿ 6ರ ‘ಮೂವರು ರಾಜರ ಹಬ್ಬ’ದ ಆಚರಣೆ ಗ್ರಂಥಾಲಯದೊಳಗೆ ನಡೆದವು. ಇಲಿಯೊಂದು ಜಿರಲೆಯನ್ನು ವರಿಸುವ ಜನಪದ ಕಥೆಯನ್ನು ಅವರು 1932ರಲ್ಲಿ ಪುಸ್ತಕವಾಗಿಸಿದರು. ಲ್ಯಾಟಿನೊ ಬದುಕನ್ನು ಚಿತ್ರಿಸುವ ಮಕ್ಕಳ ಕೃತಿಗಳಿಗಾಗಿ ಆಕೆಯ ಹೆಸರಿನಲ್ಲಿ 1996ರಲ್ಲಿ ಪ್ರಶಸ್ತಿಯೊಂದು ಸ್ಥಾಪನೆಯಾಯಿತು.

ಅದೇ 1996ರಲ್ಲಿ ಲೇಖಕಿ ಪ್ಯಾಟ್ ಮೋರಾ ಇನ್ನೊಂದು ಸಲಹೆ ಮುಂದಿಟ್ಟರು. ಮೆಕ್ಸಿಕೊದಲ್ಲಿ ಏಪ್ರಿಲ್ 30 ಮಕ್ಕಳ ದಿನ. ಆ ದಿನವನ್ನು ಪುಸ್ತಕಗಳೊಂದಿಗೆ ಜೋಡಿಸಿ ‘ಮಕ್ಕಳ ದಿನ, ಪುಸ್ತಕಗಳ ದಿನ’ವಾಗಿ ಆಚರಿಸಬೇಕೆಂಬುದು ಅವರ ಆಶಯ. ಇದನ್ನು ಗ್ರಂಥಾಲಯಗಳು ‘ದಿಯಾ’ ಎಂಬ ಚುಟುಕು ಹೆಸರಿನಲ್ಲಿ ಆಚರಿಸುತ್ತಿವೆ.

ಪುಸ್ತಕಗಳು ತರಗತಿಯಿಂದ ಹೊರಬಿದ್ದಾಗ

ಓದಲು ಪುಸ್ತಕವಿರಬೇಕಾದರೆ ಪ್ರಕಾಶಕರು ಬೇಕು. ನಿಕೊಲಾಸ್ ಕನೆಲೊಸ್ 1979ರಲ್ಲಿ ಸ್ಥಾಪಿಸಿದ ‘ಆರ್ತೆ ಪೂಬ್ಲಿಕೊ ಪ್ರೆಸ್’ ಹ್ಯೂಸ್ಟನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆಯಿತು. ಸಾಂಡ್ರಾ ಸಿಸ್ನೆರೊಸ್ ಅವರ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ ಮೊದಲು ಬೆಳಕು ಕಂಡದ್ದು ಇಲ್ಲಿಂದಲೇ. ಹಿಂದಿನ ಶತಮಾನಗಳ ಮರೆತ ಬರಹಗಳನ್ನು ಹುಡುಕಿ ಸಂರಕ್ಷಿಸುವ ಯೋಜನೆಯನ್ನೂ ಈ ಸಂಸ್ಥೆ ಕೈಗೊಂಡಿತು.

ಇಂಥ ಪುಸ್ತಕಗಳ ಸ್ಥಾನ ಎಷ್ಟು ಅಭದ್ರ ಎಂಬುದು ಅರಿಜೋನ ರಾಜ್ಯದಲ್ಲಿ ಸ್ಪಷ್ಟವಾಯಿತು. ಜನಾಂಗೀಯ ಅಸಮಾಧಾನ ಬೆಳೆಸುವ ಪಾಠಗಳನ್ನು ತಡೆಯುವ ಹೆಸರಿನಲ್ಲಿ 2010ರಲ್ಲಿ ಅಲ್ಲಿ ಕಾನೂನೊಂದು ರೂಪುಗೊಂಡಿತು. ಸರ್ಕಾರಿ ಅನುದಾನ ಕೈತಪ್ಪುವ ಭೀತಿಯಿಂದ ಟೂಸಾನ್ ನಗರದ ಶಾಲಾ ಮಂಡಳಿ 2012ರ ಜನವರಿಯಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ವಿಭಾಗವನ್ನು ರದ್ದುಪಡಿಸಿತು. 7 ಕೃತಿಗಳನ್ನು ತರಗತಿಗಳಿಂದ ತೆರವುಗೊಳಿಸಲಾಯಿತು. ಅವುಗಳಲ್ಲಿ 2 ಆರ್ತೆ ಪೂಬ್ಲಿಕೊ ಪ್ರಕಟಣೆಗಳು. ಇದು ನಿಷೇಧವಲ್ಲ, ಗ್ರಂಥಾಲಯದಲ್ಲಿ ಪ್ರತಿಗಳು ಲಭ್ಯ ಎಂಬುದು ಆಡಳಿತದ ಸಮಜಾಯಿಷಿಯಾಗಿತ್ತು.

ಇದಕ್ಕೆ ಉತ್ತರ ಬಂದದ್ದು ಸಮುದಾಯ ಸಾಹಿತ್ಯ ವೇದಿಕೆಯೊಂದರಿಂದ. ಲೇಖಕ ಟೋನಿ ಡಿಯಾಸ್ 1998ರಲ್ಲಿ ಹ್ಯೂಸ್ಟನ್‌ನಲ್ಲಿ ‘ನುಯೆಸ್ತ್ರ ಪಲಾಬ್ರ’, ಅಂದರೆ ‘ನಮ್ಮ ನುಡಿ’ ಎಂಬ ಬಳಗವನ್ನು ಹುಟ್ಟುಹಾಕಿದ್ದರು. 2012ರ ಮಾರ್ಚ್‌ನಲ್ಲಿ ಅವರು ಮತ್ತು ಸಂಗಡಿಗರು ತೆರವುಗೊಂಡ ಪುಸ್ತಕಗಳನ್ನು ಬಸ್ಸಿಗೆ ಹೇರಿಕೊಂಡು ಟೂಸಾನ್‌ಗೆ ಹೊರಟರು. ಮಾದಕವಸ್ತು ಸಾಗಿಸುವವರಿಗೆ ಬಳಸುವ ಪದವನ್ನು ತಿರುಚಿ ತಮ್ಮನ್ನು ‘ಲಿಬ್ರೊತ್ರಾಫಿಕಾಂತೆ’, ಅಂದರೆ ‘ಪುಸ್ತಕ ಕಳ್ಳಸಾಗಣೆದಾರರು’ ಎಂದು ಕರೆದುಕೊಂಡರು. ದಾರಿಯ ಊರುಗಳಲ್ಲಿ ಸಾಹಿತ್ಯಗೋಷ್ಠಿ ನಡೆಸಿ, ಸಮುದಾಯ ಕೇಂದ್ರಗಳಲ್ಲಿ ಪುಟ್ಟ ಗ್ರಂಥಾಲಯಗಳನ್ನು ತೆರೆದರು.

ವಿದ್ಯಾರ್ಥಿಗಳು ಹೂಡಿದ್ದ ಮೊಕದ್ದಮೆಯಲ್ಲಿ 2017ರ ಆಗಸ್ಟ್‌ನಲ್ಲಿ ತೀರ್ಪು ಹೊರಬಿತ್ತು. ಕಾನೂನಿನ ರಚನೆಯೂ ಜಾರಿಯೂ ಜನಾಂಗೀಯ ದ್ವೇಷದಿಂದ ಪ್ರೇರಿತವಾಗಿದ್ದವು. ಆದ್ದರಿಂದ ವಿದ್ಯಾರ್ಥಿಗಳ ಸಾಂವಿಧಾನಿಕ ಹಕ್ಕುಗಳಿಗೆ ಭಂಗ ಬಂದಿದೆ ಎಂದು ಫೆಡರಲ್ ನ್ಯಾಯಾಲಯ ನಿರ್ಣಯಿಸಿತು. ಅಷ್ಟರಲ್ಲಿ ಆ ಪಾಠಗಳು ನಿಂತು 5 ವರ್ಷಗಳು ಕಳೆದಿದ್ದವು. 2012ರಲ್ಲಿ ತರಗತಿಯಲ್ಲಿದ್ದ ವಿದ್ಯಾರ್ಥಿಗಳು ಶಾಲೆ ಮುಗಿಸಿ ಹೋಗಿದ್ದರು.