ಎರೆಸೀಮೆಯ ಚಳಿಗಾಲದ ಹಬ್ಬಗಳು ಮತ್ತು ಚಕ್ಕಡಿ ಪಯಣಗಳು

ಉತ್ತರ ಕರ್ನಾಟಕದ ಎರೆಸೀಮೆಯಲ್ಲಿ ಮನೆಮಂದಿಯೆಲ್ಲ ಒಟ್ಟಾಗಿ ಊರು ಬಿಟ್ಟು ಹೊರಡುವ ಕಾಲವೆಂದರೆ ಎಳ್ಳಮಾವಾಸ್ಯೆಯಿಂದ ಮಾಘ ಮಾಸದ ಭಾರತ ಹುಣ್ಣಿಮೆಯವರೆಗಿನ ಚಳಿಗಾಲ. ಈ ವಾಡಿಕೆಯನ್ನು ರೂಪಿಸಿದ್ದು ಮಣ್ಣು ಮತ್ತು ಬೆಳೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಚಕ್ಕಡಿ ಹೂತುಬಿಡುತ್ತಿತ್ತು. ದೀಪಾವಳಿ ಕಳೆದ ಮೇಲೆ ಹಾದಿ ಒಣಗಿ ಗಟ್ಟಿಯಾಗುತ್ತಿತ್ತು. ಹಿಂಗಾರಿ ಜೋಳದ ಬಿತ್ತನೆ ಮುಗಿದು ಸುಗ್ಗಿಗೆ ಇನ್ನೂ ದಿನಗಳಿರುವಾಗ ಆಳಿಗೂ ಎತ್ತಿಗೂ ಬಿಡುವು ಸಿಗುತ್ತಿತ್ತು.

ಮೊದಲ ಪಯಣ ಸ್ವಂತ ಹೊಲಕ್ಕೆ. ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳಮಾವಾಸ್ಯೆಯಂದು ಚಕ್ಕಡಿಗೆ ಕೊಲ್ಲಾರಿ ಕಟ್ಟಿ, ಎತ್ತುಗಳಿಗೆ ಜೂಲ ಹೊದಿಸಿ, ಗೆಜ್ಜೆಸರ ತೊಡಿಸಿ ಹೊರಡುತ್ತಿದ್ದರು. ಹೊಲದ ಬನ್ನಿಮರದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುವುದು ಈ ಹಬ್ಬದ ಮುಖ್ಯ ಆಚರಣೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ ಬುತ್ತಿಯಲ್ಲಿರುತ್ತವೆ. ಬೀದರ, ಕಲಬುರಗಿ ಕಡೆ ಕಾಳು ಮತ್ತು ಸೊಪ್ಪು ತರಕಾರಿಗಳ ಭಜ್ಜಿಯೇ ಪ್ರಧಾನ. ನೆಂಟರು, ನೆರೆಯವರು, ಹೊಲವಿಲ್ಲದವರು ಎಲ್ಲರನ್ನೂ ಊಟಕ್ಕೆ ಕರೆಯುವುದು ರೂಢಿ.

ಎರಡನೆಯದು ಹೊಳೆಯ ಪಯಣ. ಜನವರಿ ನಡುವಿನ ಸಂಕ್ರಾಂತಿಗೆ ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮೀಯುವುದು ಇಲ್ಲಿನ ಪದ್ಧತಿ. ಅದಕ್ಕಾಗಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ದಂಡೆಗೆ, ವಿಶೇಷವಾಗಿ ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೆ ಕುಟುಂಬಗಳು ಹೋಗುತ್ತವೆ. ಮಿಂದ ಮೇಲೆ ದಂಡೆಯಲ್ಲೇ ಬುತ್ತಿ ಬಿಚ್ಚುತ್ತಾರೆ. ಸಂಜೆ ಮನೆಮನೆಗೆ ಹೋಗಿ ಕುಸುರೆಳ್ಳು ಹಂಚಿ, ಕಿರಿಯರು ಹಿರಿಯರ ಕಾಲಿಗೆರಗುತ್ತಾರೆ. ಇದೇ ಹೊತ್ತಿಗೆ ವಿಜಯಪುರದಲ್ಲೂ ಸೊಲ್ಲಾಪುರದಲ್ಲೂ ಸಿದ್ಧರಾಮೇಶ್ವರನ ಜಾತ್ರೆ ನಡೆಯುತ್ತದೆ. ವಿಜಯಪುರದ ಜಾತ್ರೆಯ ದನದ ಪೇಟೆ ರೈತರಿಗೆ ಎತ್ತು ಕೊಳ್ಳುವ, ಮಾರುವ ತಾಣ.

ಮೂರನೆಯದು ದೂರದ ಜಾತ್ರೆಗೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿಯ ತೇರು ಎಳೆಯುತ್ತಾರೆ. ವೃತ್ತಿ ನಾಟಕ ಕಂಪನಿಗಳು ಅಲ್ಲಿ ವಾರಗಟ್ಟಲೆ ಬೀಡುಬಿಡುತ್ತವೆ. ರಾತ್ರಿಯಿಡೀ ನಾಟಕ ನೋಡಿ ಬೆಳಗಿಗೆ ಚಕ್ಕಡಿ ಹೂಡುವುದು ಹಿಂದಿನವರ ಕ್ರಮವಾಗಿತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಗುಡ್ಡದ ಬಯಲಿನಲ್ಲಿ ಒಲೆ ಹೂಡಿ, ಹೋಳಿಗೆ, ಕಡುಬು ಮಾಡಿ, ದೇವಿಗೆ ಪಡ್ಡಲಗಿ (ನೈವೇದ್ಯದ ಬುಟ್ಟಿ) ತುಂಬಿಸುತ್ತಾರೆ. ಹಲವು ದಿನಗಳ ಹಾದಿಗೆ ಕಟಕ ರೊಟ್ಟಿ, ಗುರೆಳ್ಳು ಹಿಂಡಿ, ಕೆಂಪಿಂಡಿಗಳೇ ಆಧಾರವಾಗಿದ್ದವು. ಇವು ಬೇಗ ಕೆಡುವುದಿಲ್ಲ. ಎತ್ತುಗಳಿಗೆ ಜೋಳದ ಕಣಿಕೆಯನ್ನೂ ಚಕ್ಕಡಿಯಲ್ಲೇ ಹೇರಿಕೊಳ್ಳುತ್ತಿದ್ದರು. ಹಾದಿಯಲ್ಲಿ ಬೀಗರ ಊರು ಸಿಕ್ಕರೆ ಅಲ್ಲೇ ವಸ್ತಿ. ಹೀಗೆ ಜಾತ್ರೆಯ ಹಾದಿ ಕೊಟ್ಟ ಮನೆಯಲ್ಲಿರುವ ಮಗಳನ್ನು ಕಾಣುವ, ಹೊಸ ಸಂಬಂಧ ಕುದುರಿಸುವ ಹಾದಿಯೂ ಆಗಿತ್ತು.

ಕಾಲ ಕಳೆದಂತೆ ಈ ಪಯಣಗಳ ರೀತಿ ಬದಲಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಗದಗ–ಹೊಟಗಿ ಮಾರ್ಗ ಬಾದಾಮಿ, ಬಾಗಲಕೋಟೆ, ವಿಜಯಪುರಗಳನ್ನು ಜೋಡಿಸಿತು. ಮುಂದೆ ಬಸ್ಸು ಬಂದಿತು. 1997ರಲ್ಲಿ ರಚನೆಯಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಜಾತ್ರೆಗಳಿಗೆ ವಿಶೇಷ ಬಸ್ಸುಗಳನ್ನು ಓಡಿಸುತ್ತದೆ. ಟ್ರ್ಯಾಕ್ಟರ್, ಟೆಂಪೊ, ಕಾರುಗಳು ಚಕ್ಕಡಿಯ ಜಾಗ ಹಿಡಿದು, ದಿನಗಳ ಹಾದಿ ಗಂಟೆಗಳದಾಯಿತು. ನಡುದಾರಿಯ ವಸ್ತಿ ತಪ್ಪಿದ್ದರಿಂದ ಬೀಗರ ಭೇಟಿಗಳೂ ಕಡಿಮೆಯಾದವು.

ಆದರೂ ದೊಡ್ಡ ಬದಲಾವಣೆ ತಂದದ್ದು ವಾಹನವಲ್ಲ, ನೀರಾವರಿ. ಕಾಲುವೆ ಬಂದ ಹಳ್ಳಿಗಳಲ್ಲಿ ಜೋಳದ ಬದಲು ಕಬ್ಬು ಬಂದಿದೆ. ಕಬ್ಬಿನ ಕಟಾವು ಇದೇ ಚಳಿಗಾಲದಲ್ಲಿ ನಡೆಯುವುದರಿಂದ ಪಯಣಕ್ಕೆ ಆಳುಗಳಿಗೂ ಟ್ರ್ಯಾಕ್ಟರುಗಳಿಗೂ ಬಿಡುವಿಲ್ಲ. ಆದರೆ ಮಳೆಯನ್ನೇ ನಂಬಿದ ಜೋಳದ ಹೊಲಗಳಿರುವ ಕಡೆ ಚರಗದ ಬುತ್ತಿ ಇಂದಿಗೂ ತಪ್ಪಿಲ್ಲ.